ಗೌರಸಮುದ್ರದಲ್ಲಿ ಒಂದು ಬಾಡಿಗೆ ಮನೆ

ಗೌರಸಮುದ್ರ ಎಂದೊಡನೆ ಚಳ್ಳಕೆರೆ ಮೊಳಕಾಲ್ಮೂರು ಸೀಮೆಯವರಿಗೆ ಮೊದಲು ನೆನಪಾಗುವವಳು ಅಲ್ಲಿಯ ಮಾರಮ್ಮ. ಶ್ರಾವಣ ಕಳೆದು ಭಾದ್ರಪದ ಕಾಲಿಟ್ಟಿತೆಂದರೆ ಆ ತಾಯಿಯ ಜಾತ್ರೆ. ನಮ್ಮ ಕಡೆಯವರಷ್ಟೇ ಅಲ್ಲದೆ ಗಡಿಯಾಚೆಯ ಆಂಧ್ರದ ಹಳ್ಳಿಗಳವರೂ ಸಂಸಾರ ಸಮೇತರಾಗಿ ಬಂದು ನೆರೆಯುತ್ತಾರೆ. ಗಾಡಿಯಲ್ಲಿ ಬಂದವರು ನೊಗ ಇಳಿಸಿ ಗಾಡಿಯನ್ನೇ ಮನೆ ಮಾಡಿಕೊಳ್ಳುತ್ತಾರೆ. ಟ್ರ್ಯಾಕ್ಟರಿನಲ್ಲಿ ಬಂದವರು ಅದರ ಮೇಲೆ ಒಂದು ಟಾರ್ಪಾಲು ಬಿಗಿಯುತ್ತಾರೆ. ಮೂರು ಕಲ್ಲು ಹೂಡಿದರೆ ಅಡಿಗೆಯ ಮನೆ. ಬೇವಿನ ಮರದ ನೆರಳೇ ಪಡಸಾಲೆ. ಬಯಲೆಲ್ಲ ಹೊಗೆ, ತಮಟೆಯ ಸದ್ದು, ಮಕ್ಕಳ ಅಳು ನಗು. ಯಾರ ಹೊಲದ ಅಂಚಿನಲ್ಲಿ ಯಾರು ಇಳಿದರೆಂದು ಆ ದಿನ ಕೇಳುವವರಿಲ್ಲ. ಸಾವಿರಾರು ಜನಕ್ಕೆ ಒಂದೇ ಹಗಲಿನಲ್ಲಿ ಬಿಡಾರ ಒದಗಿಸಬಲ್ಲ ಊರದು.

ಆ ಊರಿನಲ್ಲಿ ಒಬ್ಬಳೇ ಒಬ್ಬ ಉಪಾಧ್ಯಾಯಿನಿಗೆ ಒಂದು ಬಾಡಿಗೆಯ ಮನೆ ಹುಡುಕಲು ಕಳೆದ ಜೂನ್ ತಿಂಗಳ ಒಂದು ಭಾನುವಾರ ನಾನು ಹೋಗಿದ್ದೆ. ಅಂದಿನಿಂದ ಮನಸ್ಸಿನಲ್ಲಿ ಉಳಿದುಕೊಂಡಿರುವ ಕೆಲವು ವಿಚಾರಗಳನ್ನು ವಾಚಕರ ಮುಂದೆ ಇಡುತ್ತಿದ್ದೇನೆ. ನಾನು ಕನ್ನಡ ಹೇಳಿಕೊಡುವವನು. ಅರ್ಥಶಾಸ್ತ್ರ ನನ್ನ ವಿಷಯವಲ್ಲ. ಆದರೆ ಇಪ್ಪತ್ತು ವರ್ಷ ಬಾಡಿಗೆ ಮನೆಗಳಲ್ಲಿ ಇದ್ದವನಿಗೆ ಈ ವಿಷಯದಲ್ಲಿ ಮಾತನಾಡುವ ಅಧಿಕಾರ ಸ್ವಲ್ಪ ಬಂದಿರಬೇಕೆಂದು ನಂಬಿದ್ದೇನೆ.

ಆಕೆ ನನ್ನ ಹಳೆಯ ಶಿಷ್ಯೆ. ಜಗಳೂರಿನ ಕಡೆಯ ಹಳ್ಳಿಯ ಹುಡುಗಿ. ಪದವಿ ತರಗತಿಯಲ್ಲಿ ಹಳಗನ್ನಡದ ಪದ್ಯಗಳನ್ನು ಅನ್ವಯಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಶಿಕ್ಷಣದ ಪದವಿ ಮುಗಿಸಿ, ಪರೀಕ್ಷೆಗಳನ್ನು ಒಂದೊಂದಾಗಿ ದಾಟಿ, ಕಡೆಗೆ ಉಪಾಧ್ಯಾಯಿನಿಯಾಗಿ ಗೌರಸಮುದ್ರದ ಕಡೆಗೆ ನೇಮಕವಾದಾಗ ಮೊದಲು ನನಗೇ ಫೋನು ಮಾಡಿದಳು. "ಸಾರ್, ಊರಿನಲ್ಲೇ ಮನೆ ಮಾಡಿಕೊಂಡು ಇರಬೇಕು ಅಂತ ಆಸೆ. ನಿಮಗೆ ಆ ಕಡೆ ಗೊತ್ತಿರೋರು ಯಾರಾದರೂ ಇದ್ದರೆ..." ಎಂದಳು. ನನಗೆ ಸಂತೋಷವಾಯಿತು. ಉಪಾಧ್ಯಾಯರು ಊರಿನಲ್ಲಿ ನಿಲ್ಲುವುದಿಲ್ಲ, ಬಸ್ಸು ನೋಡಿಕೊಂಡು ಪಾಠ ಮಾಡುತ್ತಾರೆ ಎಂಬ ದೂರು ನಮ್ಮಲ್ಲಿ ಹಳೆಯದು. ಇಲ್ಲಿ ಒಬ್ಬಳು ತಾನಾಗಿಯೇ ನಿಲ್ಲುತ್ತೇನೆ ಎನ್ನುತ್ತಿದ್ದಾಳೆ; ಇದಕ್ಕಿಂತ ಸುಲಭವಾದ ಕೆಲಸ ಯಾವುದುಂಟು ಎಂದುಕೊಂಡೆ.

ಮೊದಲು ಹೋದದ್ದು ರಸ್ತೆಯ ಬದಿಯ ಒಂದು ಹೊಸ ಮನೆಗೆ. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆ, ನಲ್ಲಿ, ಕಕ್ಕಸು, ಎಲ್ಲವೂ ಅಚ್ಚುಕಟ್ಟು. ಯಜಮಾನರು ನಮ್ಮನ್ನು ಕೂರಿಸಿ ಕಾಫಿ ಕೊಟ್ಟರು. ಬಾಡಿಗೆಯ ಮಾತು ಬರುವುದಕ್ಕೆ ಮುಂಚೆ ನನ್ನ ಊರು ಕೇಳಿದರು, ತಂದೆಯ ಹೆಸರು ಕೇಳಿದರು, ಆಮೇಲೆ "ತಾವು ಯಾವ ಪೈಕಿ?" ಎಂದರು. ಹೇಳಿದೆ. ಅವರ ಮುಖ ಅರಳಿತು. "ಹುಡುಗಿ ತಮ್ಮ ಸಂಬಂಧಿಕರೇನೋ?" ಎಂದು ಅವಳ ಕಡೆ ತಿರುಗಿದರು. ನಾನು ಏನು ಹೇಳಲೆಂದು ತಡವರಿಸುತ್ತಿರುವಾಗಲೇ ಅವಳು ತಾನು ಹುಟ್ಟಿದ ಕೇರಿ ಯಾವುದೆಂಬುದನ್ನು ನೇರವಾಗಿ ಹೇಳಿಬಿಟ್ಟಳು. ಯಜಮಾನರು ಒರಟಾಗಿ ಏನೂ ಆಡಲಿಲ್ಲ. "ಹಂಗಾರೆ ನಮ್ ಮಗನ್ನ ಒಂದ್ ಮಾತು ಕೇಳ್‌ಬೇಕು ಸಾರ್. ದೀಪಾವಳಿಗೆ ಬತ್ತಾನೆ" ಎಂದರು. ಜೂನ್ ತಿಂಗಳಲ್ಲಿ ಕೇಳಿದ ಮನೆಗೆ ದೀಪಾವಳಿಯಲ್ಲಿ ಉತ್ತರ!

ಎರಡನೆಯದು ಬೀಗ ಹಾಕಿದ ಒಂದು ಮಾಳಿಗೆ ಮನೆ. ಸಂಸಾರವೆಲ್ಲ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದೆಯಂತೆ. ಮಳೆ ನಂಬಿ ಬಾಳುವ ಈ ಶೇಂಗಾ ಸೀಮೆಯಲ್ಲಿ ಗುಳೆ ಹೋಗುವುದು ಹೊಸದಲ್ಲ. ಬೀಗದ ಕೈ ಪಕ್ಕದ ಮನೆಯ ಅಜ್ಜಿಯ ಸೆರಗಿನ ಗಂಟಿನಲ್ಲಿತ್ತು. ಆಕೆ ಜಾತಿ ಕೇಳಲಿಲ್ಲ. "ಕೈ ಏನೋ ನನ್ ತಾವೇ ಐತೆ ಕಣಪ್ಪ. ಆದ್ರೆ ಒಳಗೆ ಅವ್ರ ದೇವ್ರು ಐತೆ. ಜಾತ್ರೆಗೆ ಬಂದ್ರೆ ಎಲ್ಲಿ ಇಳ್ಕಂತಾರೆ ಅವ್ರು?" ಎಂದಳು. ಆಕೆಯ ಮಾತಿನಲ್ಲಿ ಕಪಟವಿರಲಿಲ್ಲ. ವರ್ಷಕ್ಕೆ ನಾಲ್ಕು ದಿನ ಬಂದು ಹೋಗುವವರಿಗಾಗಿ ಆ ಮನೆ ವರ್ಷವೆಲ್ಲ ಕಾದಿರುತ್ತದೆ. ಅಂಥ ಬೀಗಗಳನ್ನು ಆ ದಿನ ಒಂದೆರಡು ಬೀದಿಗಳಲ್ಲಿಯೇ ಆರು ಎಣಿಸಿದೆ.

ಕಡೆಗೆ ಅವಳೇ ದಾರಿ ಕೇಳಿಕೊಂಡು ತನ್ನವರ ಕೇರಿಗೆ ಹೋದಳು. ನಾನು ಹಿಂದೆ ನಡೆದೆ. ಅಲ್ಲಿ ಬಾಗಿಲು ತೆರೆದೇ ಇತ್ತು. ಮಾತೂ ತೆರೆದ ಮಾತು. "ನೀನು ನಮ್ ಮಕ್ಕಳಿಗೆ ಪಾಠ ಹೇಳಾಕೆ ಬಂದಿರೋ ತಾಯಿ, ನಿನಗಿಲ್ಲ ಅಂತೀವಾ? ಆದ್ರೆ ನೋಡವ್ವ, ಒಂದೊಂದು ಮನೇಲಿ ಎರಡೆರಡು ಸಂಸಾರ ಅವೆ" ಎಂದಳೊಬ್ಬ ಹೆಂಗಸು. ನೋಡಿದೆವು. ಸರಕಾರ ಕಟ್ಟಿಸಿಕೊಟ್ಟ ಒಂದೇ ಅಂಕಣದ ಮನೆ. ನಡುವೆ ಸೀರೆ ಇಳಿಬಿಟ್ಟು ಎರಡು ಮಾಡಿದ್ದರು. ಜಾಗ ಉಳ್ಳವರಿಗೆ ಕೊಡುವ ಮನಸ್ಸಿಲ್ಲ. ಮನಸ್ಸುಳ್ಳವರಿಗೆ ಕೊಡಲು ಜಾಗವಿಲ್ಲ.

ಹಿಂತಿರುಗುವಾಗ ಬಸ್ಸಿನಲ್ಲಿ ನಾನು ಮಾತಿಲ್ಲದೆ ಕುಳಿತಿದ್ದೆ. ಅವಳೇ, "ಬೇಜಾರು ಮಾಡ್ಕೋಬೇಡಿ ಸಾರ್, ನನಗೆ ಇದು ಅಭ್ಯಾಸ" ಎಂದು ನನ್ನನ್ನು ಸಮಾಧಾನಪಡಿಸಿದಳು. ಗುರುವಿಗೆ ಶಿಷ್ಯೆ ಹೇಳಬೇಕಾಗಿದ್ದ ಮಾತೆ ಅದು?

ಇದನ್ನು ಆ ಒಂದು ಊರಿನ ದೋಷವೆಂದು ದಯವಿಟ್ಟು ಯಾರೂ ತಿಳಿಯಬಾರದು. ನಾನು ಹುಟ್ಟಿ ಬೆಳೆದ ಊರಿಗೆ ಅವಳನ್ನು ಕರೆದುಕೊಂಡು ಹೋಗಿದ್ದರೂ ಇದೇ ಆಗುತ್ತಿತ್ತು. 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಫಲಕವನ್ನು ಬೆಂಗಳೂರಿನ ಬಡಾವಣೆಗಳಲ್ಲಿ ನೋಡದವರಾರು? ಹಳ್ಳಿಯವರು ಬಾಯಿಬಿಟ್ಟು ಕೇಳುವುದನ್ನು ಪಟ್ಟಣದವರು ಬರೆದು ತೂಗುಹಾಕುತ್ತಾರೆ, ವ್ಯತ್ಯಾಸ ಅಷ್ಟೆ.

ಆ ಪ್ರಯಾಣದಲ್ಲಿ ನನಗೆ ನನ್ನದೇ ಒಂದು ಹಳೆಯ ಕಥೆ ನೆನಪಾಯಿತು. ಇಪ್ಪತ್ತು ವರ್ಷಗಳ ಹಿಂದೆ ಅತಿಥಿ ಉಪನ್ಯಾಸಕನಾಗಿ ಒಂದು ಸಣ್ಣ ಪಟ್ಟಣಕ್ಕೆ ಬಂದಾಗ ನನ್ನ ಕೈಯಲ್ಲಿ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ಬಸ್ಸಿನಿಂದಿಳಿದ ಅರ್ಧ ಗಂಟೆಯಲ್ಲಿ ನನಗೆ ಕೋಣೆ ಸಿಕ್ಕಿತು. ಮನೆಯ ಯಜಮಾನರು ಅದೇ ಪ್ರಶ್ನೆ ಕೇಳಿದ್ದರು. ನನ್ನ ಉತ್ತರ ಅವರಿಗೆ ಒಪ್ಪಿಗೆಯಾಗಿತ್ತು. "ನಮ್ಮ ಹುಡುಗ, ಮುಂಗಡ ಬೇಡ" ಎಂದದ್ದಲ್ಲದೆ ಬಾಡಿಗೆಯಲ್ಲಿ ನೂರು ರೂಪಾಯಿ ಬಿಟ್ಟುಕೊಟ್ಟರು. ಹಬ್ಬದ ದಿನ ಎಲೆ ಹಾಕಿ ಊಟಕ್ಕೂ ಕರೆದರು. ಆ ಉಪಕಾರವನ್ನು ನಾನು ಎಷ್ಟು ಕಡೆ ಎಷ್ಟು ಸಲ ಹೊಗಳಿದ್ದೇನೆಯೋ ಲೆಕ್ಕವಿಲ್ಲ. ಸರಕಾರದ ಯಾವ ಯೋಜನೆಗೂ ಅರ್ಜಿ ಹಾಕದೆ, ಯಾವ ಪತ್ರವನ್ನೂ ತೋರಿಸದೆ, ನನಗೆ ರಿಯಾಯಿತಿಯ ಮನೆ ದೊರೆತಿತ್ತು. ಅದು ನನ್ನ ಬಡತನಕ್ಕೆ ದೊರೆತದ್ದೆಂದು ಇಷ್ಟು ಕಾಲ ನಂಬಿದ್ದೆ. ಬಡತನದಲ್ಲಿ ನನಗಿಂತ ಒಂದು ಹೆಜ್ಜೆ ಮುಂದೆಯೇ ಇದ್ದ ಸಹೋದ್ಯೋಗಿಯೊಬ್ಬ ಅದೇ ಪಟ್ಟಣದಲ್ಲಿ ಎರಡು ತಿಂಗಳು ಗೆಳೆಯರ ಕೋಣೆಗಳಲ್ಲಿ ಮಲಗಿದ್ದನೆಂಬುದನ್ನು ಅಂದು ತಿಳಿದೂ ತಿಳಿಯದವನಂತೆ ಇದ್ದೆ.

ಅದಂತಿರಲಿ. ಇದು ಮನಸ್ಸುಗಳ ಸಮಸ್ಯೆ, ಮನಸ್ಸು ಬದಲಾಗುವವರೆಗೆ ಕಾಯಬೇಕು ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಮನಸ್ಸು ಬದಲಾಗುವುದನ್ನು ಕಾಯುವಷ್ಟು ಹೊತ್ತು ಆ ಹುಡುಗಿ ಎಲ್ಲಿ ಮಲಗಬೇಕು? ಇಲ್ಲಿ ಸರಕಾರದ ಪ್ರಶ್ನೆ ಬರುತ್ತದೆ.

ವಸತಿಯ ವಿಷಯದಲ್ಲಿ ನಮ್ಮ ಸರಕಾರಗಳು ಏನೂ ಮಾಡಿಲ್ಲವೆಂದರೆ ಅದು ಸುಳ್ಳು. ದೇವರಾಜ ಅರಸರ ಕಾಲದ ಜನತಾ ಮನೆಗಳಿಂದ ಮೊದಲ್ಗೊಂಡು ೧೯೮೫ರ ಇಂದಿರಾ ಆವಾಸ್, ತೊಂಬತ್ತರ ದಶಕದ ಆಶ್ರಯ, ಆಮೇಲೆ ಅಂಬೇಡ್ಕರ್ ವಸತಿ, ಬಸವ ವಸತಿ, ೨೦೧೬ರ ಪ್ರಧಾನಮಂತ್ರಿ ಆವಾಸ್ ಇವೆಲ್ಲ ಗುಡಿಸಲುಗಳನ್ನು ಗೋಡೆಗಳನ್ನಾಗಿ ಮಾಡಿವೆ. ಇವುಗಳನ್ನು ನಡೆಸಲೆಂದೇ ೨೦೦೦ದಲ್ಲಿ ರಾಜೀವ್ ಗಾಂಧಿ ಹೆಸರಿನ ವಸತಿ ನಿಗಮವೊಂದು ಹುಟ್ಟಿತು. ಮಳೆಗಾಲದಲ್ಲಿ ಸೋರುವ ಸೋಗೆಯ ಕೆಳಗೆ ಮಕ್ಕಳನ್ನು ತಬ್ಬಿಕೊಂಡು ಕುಳಿತವರಿಗೆ ಸ್ವಂತ ಸೂರು ಎಂದರೆ ಏನೆಂಬುದನ್ನು ಬಾಡಿಗೆ ಮನೆಯ ಮೇಷ್ಟರು ಹೇಳಿಕೊಡಬೇಕಾಗಿಲ್ಲ. ಆದರೆ ಈ ಯೋಜನೆಗಳ ಹೆಸರುಗಳನ್ನು ಸಾಲಾಗಿಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಎಲ್ಲವೂ ಒಡೆತನದ ಯೋಜನೆಗಳು. ಗ್ರಾಮಸಭೆ ಸೇರಿ ಫಲಾನುಭವಿಗಳನ್ನು ಆರಿಸುತ್ತದೆ. ಫಲಾನುಭವಿ ಆ ಊರಿನವನೇ ಆಗಿರಬೇಕು. ಊರಿಗೆ ಹುಟ್ಟಿನಿಂದ ಸಂಬಂಧವಿಲ್ಲದೆ ಕೆಲಸದಿಂದ ಸಂಬಂಧ ಬಂದವರು, ಎಂದರೆ ಉಪಾಧ್ಯಾಯರು, ದಾದಿಯರು, ಗ್ರಾಮ ಲೆಕ್ಕಿಗರು, ಪಶುವೈದ್ಯರು, ಬ್ಯಾಂಕಿನ ಗುಮಾಸ್ತರು, ರಸ್ತೆ ಕೆಲಸಕ್ಕೆ ಬಂದ ಕೂಲಿಯವರು, ಇವರು ಆ ಪಟ್ಟಿಯಲ್ಲಿ ಎಲ್ಲಿಯೂ ಬರುವುದಿಲ್ಲ. ಅವರಿಗೆ ಬೇಕಾದದ್ದು ಸ್ವಂತದ ಮನೆಯಲ್ಲ. ಮೂರು ವರ್ಷವೋ ಐದು ವರ್ಷವೋ ಮಾನವಾಗಿ ಇರಲು ಒಂದು ಬಾಡಿಗೆಯ ಮನೆ. ಈ ಅಗತ್ಯಕ್ಕೆ ನಮ್ಮ ಕಡತಗಳಲ್ಲಿ ಹೆಸರಿಲ್ಲ.

ಸ್ವಾತಂತ್ರ್ಯದ ಮೊದಲ ದಶಕಗಳಲ್ಲಿ ಸ್ಥಿತಿ ಬೇರೆಯಾಗಿತ್ತು. ೧೯೬೧ರಲ್ಲಿ ದೇಶದ ನಗರಗಳ ಮನೆಗಳಲ್ಲಿ ನೂರಕ್ಕೆ ೫೪ ಬಾಡಿಗೆಯವು. ೨೦೧೧ರ ಜನಗಣತಿಯ ಹೊತ್ತಿಗೆ ಅದು ೨೮ಕ್ಕೆ ಇಳಿದಿತ್ತು. ಅದೇ ಜನಗಣತಿಯಲ್ಲಿ ನಗರಗಳಲ್ಲಿ ಖಾಲಿ ಬಿದ್ದಿದ್ದ ಮನೆಗಳು ಒಂದು ಕೋಟಿ ಹತ್ತು ಲಕ್ಷ. ಹಳ್ಳಿಗಳಲ್ಲಂತೂ ಬಾಡಿಗೆಯಲ್ಲಿರುವ ಸಂಸಾರಗಳು ನೂರಕ್ಕೆ ಮೂರೋ ನಾಲ್ಕೋ. ಹಳ್ಳಿಯಲ್ಲಿ ಬಾಡಿಗೆ ಮನೆ ಸಿಗುವುದಿಲ್ಲವೆಂದು ನಾವು ಗೊಣಗುತ್ತೇವೆ. ನಿಜವಾಗಿ ಅಲ್ಲಿ ಬಾಡಿಗೆ ಎಂಬ ಪದ್ಧತಿಯೇ ಬೇರೂರಿಲ್ಲ. ಗೌರಸಮುದ್ರದ ಅಜ್ಜಿಗೆ ಮನೆ ಎಂದರೆ ದೇವರಿರುವ ಜಾಗ, ಕುಲದ ಗುರುತು, ಮಗ ಹಿಂತಿರುಗಿದರೆ ಇಳಿಯುವ ನೆಲೆ. ಅದನ್ನು ತಿಂಗಳಿಗಿಷ್ಟು ಎಂದು ಪರರಿಗೆ ಕೊಡುವುದು ಅವಳ ಲೆಕ್ಕದಲ್ಲಿ ಹೊಲದ ಪಾಲು ಕೊಟ್ಟಂತೆಯೂ ಅಲ್ಲ, ಎತ್ತು ಬಾಡಿಗೆಗೆ ಕೊಟ್ಟಂತೆಯೂ ಅಲ್ಲ. ಹಣ ಹೆಚ್ಚು ಕೊಡುತ್ತೇನೆಂದರೂ ಆ ಬೀಗ ತೆರೆಯುವುದಿಲ್ಲ.

ಸರಕಾರಕ್ಕೆ ಮಾತ್ರ ಹಣದಿಂದ ತೆರೆಯುತ್ತದೆಂಬ ನಂಬಿಕೆ. ನಮಗೆ ಮನೆ ಬಾಡಿಗೆ ಭತ್ಯವೆಂಬುದು ಉಂಟು. ೨೦೨೪ರ ಆಗಸ್ಟಿನಲ್ಲಿ ಏಳನೆಯ ವೇತನ ಆಯೋಗದ ಶಿಫಾರಸು ಜಾರಿಗೆ ಬಂದಾಗ ರಾಜ್ಯದ ನೌಕರರಿಗೆ ದೊಡ್ಡ ನಗರದಲ್ಲಿ ಮೂಲವೇತನದ ನೂರಕ್ಕೆ ೨೦, ಅದಕ್ಕಿಂತ ಸಣ್ಣದರಲ್ಲಿ ೧೫, ಉಳಿದೆಲ್ಲ ಕಡೆ ಏಳೂವರೆ ಎಂದು ಗೊತ್ತುಮಾಡಿದರು. ಊರು ಸಣ್ಣದಾದಷ್ಟೂ ಬಾಡಿಗೆ ಕಡಿಮೆ ಎಂಬುದು ಇದರ ತರ್ಕ. ತರ್ಕವೇನೋ ಸರಿ, ಊರು ಸಣ್ಣದಾದಷ್ಟೂ ಬಾಡಿಗೆಯ ಮನೆಯೇ ಇಲ್ಲವಾಗುತ್ತದೆ ಎಂಬುದು ಮಾತ್ರ ಅದರೊಳಗೆ ಬಂದಿಲ್ಲ. ಇಲ್ಲದ ಮನೆಗೆ ನೂರಕ್ಕೆ ಏಳೂವರೆ ಕೊಟ್ಟರೇನು, ಎಪ್ಪತ್ತೈದು ಕೊಟ್ಟರೇನು? ಇನ್ನು ನನ್ನ ಅತಿಥಿ ಉಪನ್ಯಾಸಕ ಮಿತ್ರರಿಗೆ, ಅಂಗನವಾಡಿಯ ಹೆಣ್ಣುಮಕ್ಕಳಿಗೆ ಬರುವುದು ಗೌರವಧನ. ಗೌರವಕ್ಕೆ ಭತ್ಯವಿಲ್ಲ.

ಕಾಯಿದೆಯ ಕಥೆಯೂ ಸ್ವಾರಸ್ಯವಾದುದೇ. ೧೯೬೧ರ ಬಾಡಿಗೆ ನಿಯಂತ್ರಣ ಕಾಯಿದೆಯ ಜಾಗದಲ್ಲಿ ನಮಗೆ ೧೯೯೯ರ ಕರ್ನಾಟಕ ಬಾಡಿಗೆ ಕಾಯಿದೆ ಬಂತು. ದೊಡ್ಡ ನಗರಗಳಲ್ಲಿ ತಿಂಗಳಿಗೆ ೩೫೦೦, ಇತರ ಸ್ಥಳಗಳಲ್ಲಿ ೨೦೦೦ ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಕಟ್ಟಡಗಳನ್ನು ಅದು ತನ್ನ ರಕ್ಷಣೆಯ ಹೊರಗಿಟ್ಟಿತು. ಆ ಕಾಲಕ್ಕೆ ಅದು ಸಿರಿವಂತರ ಬಾಡಿಗೆ. ಇಂದು ಚಳ್ಳಕೆರೆಯಲ್ಲಿ ನಾನು ಕೊಡುತ್ತಿರುವುದು ಅದರ ಮೂರು ಪಟ್ಟು. ನಾನೇನೂ ಸಿರಿವಂತನಾಗಿಲ್ಲ, ಕಾಯಿದೆಯ ಕಣ್ಣಿನಲ್ಲಿ ಮಾತ್ರ ಆಗಿದ್ದೇನೆ. ೨೦೨೧ರಲ್ಲಿ ಕೇಂದ್ರ ಸರಕಾರ ಒಂದು ಮಾದರಿ ಕಾಯಿದೆಯನ್ನು ಬರೆದು ರಾಜ್ಯಗಳಿಗೆ ಕಳುಹಿಸಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳಕೂಡದು ಎಂದು ಅದರಲ್ಲಿದೆ. ಹತ್ತು ತಿಂಗಳ ಮುಂಗಡಕ್ಕೆ ಒಗ್ಗಿದ ನಮ್ಮ ಮನೆಯೊಡೆಯರಿಗೆ ಇದನ್ನು ಓದಿ ಹೇಳಿದರೆ ನಗುತ್ತಾರೆ.

ವಿದ್ಯಾರ್ಥಿಗಳ ಮಾತು ಎತ್ತದಿದ್ದರೆ ಅಪಚಾರವಾದೀತು. ಏಕೆಂದರೆ ನಮ್ಮ ಸಣ್ಣ ಪಟ್ಟಣಗಳಲ್ಲಿ ಬಾಡಿಗೆಗೆ ಸರಕಾರದ ನೆರವು ಎಂಬುದೇನಾದರೂ ಇದ್ದರೆ ಅದು ಅವರಿಗೇ. ೨೦೧೩-೧೪ರಲ್ಲಿ ಆರಂಭವಾದ ವಿದ್ಯಾಸಿರಿ ಯೋಜನೆಯಲ್ಲಿ ವಿದ್ಯಾರ್ಥಿನಿಲಯದಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗಗಳ ಮಕ್ಕಳಿಗೆ ಊಟ ವಸತಿಗೆಂದು ತಿಂಗಳಿಗೆ ೧೫೦೦ ರೂಪಾಯಿಯಂತೆ ಹತ್ತು ತಿಂಗಳು ಕೊಡುವುದೆಂದಾಯಿತು. ನನ್ನ ತರಗತಿಯ ಹಲವು ಹುಡುಗರು ಇದರಿಂದಲೇ ಓದು ಮುಂದುವರಿಸಿದ್ದಾರೆ. ಮೂವರು ಸೇರಿ ಒಂದು ಕೋಣೆ ಹಿಡಿಯುತ್ತಾರೆ. ಒಬ್ಬ ಅನ್ನ ಮಾಡಿದರೆ ಇನ್ನೊಬ್ಬ ನೀರು ತರುತ್ತಾನೆ, ಮೂರನೆಯವನು ಪಾತ್ರೆ ತೊಳೆಯುತ್ತಾನೆ. ಪರೀಕ್ಷೆಯ ಹಿಂದಿನ ದಿನ ಅಂಥ ಒಂದು ಕೋಣೆಗೆ ಹೋಗಿದ್ದೆ. ಕಿಟಕಿಯಿಲ್ಲ, ಬಾಗಿಲು ತೆರೆದಿಟ್ಟರೆ ಬೆಳಕು, ಮುಚ್ಚಿದರೆ ಬೆವರು. ಆದರೂ ಗೋಡೆಯ ಮೇಲೆ ಛಂದಸ್ಸಿನ ಗಣಗಳ ಪಟ್ಟಿ ಬರೆದು ಅಂಟಿಸಿದ್ದರು. ಹೆಣ್ಣುಮಕ್ಕಳಿಗೆ ಇಷ್ಟೂ ಇಲ್ಲ. ಹಣ ಕೈಯಲ್ಲಿದ್ದರೂ ಅವರಿಗೆ ಕೋಣೆ ಕೊಡುವವರು ವಿರಳ. ಬೆಳಗ್ಗೆ ಆರು ಗಂಟೆಯ ಬಸ್ಸು ಹಿಡಿದು ಬಂದು, ಮೊದಲ ಪಾಠದಲ್ಲಿ ತೂಕಡಿಸಿ, ಕೊನೆಯ ಪಾಠ ಬಿಟ್ಟು ಬಸ್ಸಿಗೆ ಓಡುತ್ತಾರೆ. ಅವರನ್ನು ಗದರಿಸುವ ಮನಸ್ಸು ನನಗೆ ಈಚೆಗೆ ಬರುವುದಿಲ್ಲ.

ಇರಲೊಂದು ನೆಲೆ ದೊರೆತರೆ ಏನಾಗಬಹುದೆಂಬುದಕ್ಕೆ ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ದೂರ ಹೋಗಬೇಕಾಗಿಲ್ಲ. ಗೌರಸಮುದ್ರವಿರುವ ಚಳ್ಳಕೆರೆ ತಾಲ್ಲೂಕಿನಲ್ಲಿಯೇ ತಳುಕು ಇದೆ. ಅಲ್ಲಿಂದ ಹೊರಟ ಟಿ. ಎಸ್. ವೆಂಕಣ್ಣಯ್ಯನವರು ಮೈಸೂರಿನಲ್ಲಿ ಕನ್ನಡದ ಪ್ರಾಧ್ಯಾಪಕರಾದರು. ಕುವೆಂಪು ಅವರಂಥ ಶಿಷ್ಯರನ್ನು ಪಡೆದರು. ಶಿಷ್ಯರು ಮುಂದೆ 'ಶ್ರೀ ರಾಮಾಯಣ ದರ್ಶನಂ' ಅನ್ನು ಗುರುವಿಗೇ ಅರ್ಪಿಸಿದ್ದು ಎಲ್ಲರೂ ಬಲ್ಲ ವಿಷಯ. ಮಲೆನಾಡಿನಿಂದ ಮೈಸೂರಿಗೆ ಬಂದ ಆ ಶಿಷ್ಯರಿಗೆ ಓದುವ ಕಾಲದಲ್ಲಿ ಆಶ್ರಯವಾದದ್ದು ಸ್ವಾಮಿ ಸಿದ್ಧೇಶ್ವರಾನಂದರಿದ್ದ ರಾಮಕೃಷ್ಣಾಶ್ರಮ. ಹಲವು ವರ್ಷ ಅವರು ಅಲ್ಲಿಯೇ ಇದ್ದರು. ಆ ಮಹಾಕಾವ್ಯದ ಹಿಂದೆ ಎಷ್ಟೋ ಶಕ್ತಿಗಳು ಕೆಲಸ ಮಾಡಿರಬೇಕು. ಬಾಡಿಗೆಯ ಚಿಂತೆಯಿಲ್ಲದೆ ಬಾಗಿಲು ಮುಂದೆ ಮಾಡಿಕೊಂಡು ಕೂರಲು ದೊರೆತ ಒಂದು ಕೋಣೆಯನ್ನೂ ಅವುಗಳ ಜೊತೆಗೆ ಎಣಿಸಿದರೆ ವಿಮರ್ಶಕರು ಕೋಪಿಸಿಕೊಳ್ಳಲಾರರೆಂದು ನಂಬುತ್ತೇನೆ.

ಪಟ್ಟಣಗಳಿಗೆ ಈಗೀಗ ಒಂದು ಬಾಗಿಲು ತೆರೆದಿದೆ. ೨೦೨೦ರ ಬೇಸಿಗೆಯಲ್ಲಿ ಕೂಲಿಯವರು ಮಹಾನಗರಗಳಿಂದ ಕಾಲ್ನಡಿಗೆಯಲ್ಲಿ ಊರುಗಳಿಗೆ ಹೊರಟದ್ದನ್ನು ದೇಶವೇ ಕಂಡಿತು. ಅವರಲ್ಲಿ ಎಷ್ಟೋ ಮಂದಿಗೆ ಬಾಡಿಗೆ ಕೊಡಲಾಗದ ಭಯವೇ ಮೊದಲ ಭಯ. ಆ ವರ್ಷದ ಜುಲೈಯಲ್ಲಿ ಕೇಂದ್ರ ಸಚಿವ ಸಂಪುಟ ಕೈಗೆಟಕುವ ಬಾಡಿಗೆ ವಸತಿಯ ಯೋಜನೆಯೊಂದಕ್ಕೆ ಒಪ್ಪಿಗೆಯಿತ್ತಿತು. ಹಿಂದಿನ ಯೋಜನೆಗಳಲ್ಲಿ ಕಟ್ಟಿ ಖಾಲಿ ಉಳಿದಿದ್ದ ಸುಮಾರು ೮೩,೦೦೦ ಮನೆಗಳನ್ನು ಬಾಡಿಗೆಗೆ ತರುವುದು ಅದರ ಒಂದು ಉದ್ದೇಶ. ಚಂಡೀಗಢ, ಸೂರತ್ ಮೊದಲಾದ ಕೆಲವೇ ನಗರಗಳಲ್ಲಿ ಐದೂವರೆ ಸಾವಿರದಷ್ಟು ಮನೆಗಳು ಹಾಗೆ ಬಾಡಿಗೆಗೆ ಬಂದವು. ೨೦೨೪ರ ಆಗಸ್ಟಿನಲ್ಲಿ ಒಪ್ಪಿಗೆ ಪಡೆದ ಎರಡನೆಯ ನಗರ ಆವಾಸ್ ಯೋಜನೆಯ ನಾಲ್ಕು ಅಂಗಗಳಲ್ಲಿ ಬಾಡಿಗೆ ವಸತಿಯೂ ಒಂದಾಗಿ ಸೇರಿದೆ. ಒಡೆತನವಿಲ್ಲದ ವಾಸವೂ ವಾಸವೇ ಎಂದು ದೆಹಲಿ ಕಡೆಗೂ ಒಪ್ಪಿಕೊಂಡಿತಲ್ಲ ಎಂದು ನಾನು ಹಿಗ್ಗಿದೆ. ೨೦೧೧ರಲ್ಲಿಯೇ ೫೫ ಸಾವಿರ ಜನಸಂಖ್ಯೆಯಿದ್ದ ನಮ್ಮ ಚಳ್ಳಕೆರೆಯಂಥ ನಗರಸಭೆಯ ಊರು, ಮೊಳಕಾಲ್ಮೂರಿನಂಥ ಪಟ್ಟಣ ಪಂಚಾಯಿತಿಯ ಊರು ಇದನ್ನು ಕೇಳಿ ಪಡೆಯಬೇಕು. ಎಣ್ಣೆ ಗಿರಣಿಗಳ ಕೂಲಿಯವರು, ರೇಷ್ಮೆಯ ಮಗ್ಗದ ಮನೆಗಳಲ್ಲಿ ದುಡಿಯುವವರು, ಕಾಲೇಜಿನ ಮಕ್ಕಳು ಎಲ್ಲರೂ ಇಲ್ಲಿದ್ದಾರೆ. ಆದರೆ ಹೆಸರೇ ನಗರ ಯೋಜನೆ. ಗೌರಸಮುದ್ರಕ್ಕೆ ಅದರಲ್ಲಿ ಪ್ರವೇಶವಿಲ್ಲ.

ಸರಕಾರವೇ ಮನೆಯೊಡೆಯನಾಗುವುದು ಎಲ್ಲಾದರೂ ನಡೆಯುವ ಮಾತೆ ಎಂದು ಕೇಳುವವರಿದ್ದಾರೆ. ಆಸ್ಟ್ರಿಯಾದ ವಿಯೆನ್ನಾ ನಗರದ ಪೌರಸಭೆ ಮೊದಲನೆಯ ಮಹಾಯುದ್ಧದ ತರುವಾಯ ತೆರಿಗೆ ಎತ್ತಿ ಕೂಲಿಕಾರರಿಗೆ ಬಾಡಿಗೆ ಮನೆಗಳನ್ನು ಕಟ್ಟಲು ತೊಡಗಿತು. ೧೯೩೦ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ಒಂದೇ ಕಟ್ಟಡದಲ್ಲಿ ಸಾವಿರಕ್ಕೆ ಮಿಕ್ಕಿ ಮನೆಗಳು. ಇಂದು ಆ ಪೌರಸಭೆಯ ಕೈಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮನೆಗಳಿವೆ. ವಿಯೆನ್ನಾದ ಮಾತು ನಮಗೆ ದೂರವಾಯಿತೆಂದರೆ ಹತ್ತಿರದ್ದೇ ಒಂದಿದೆ. ಕೇಂದ್ರ ಸರಕಾರದ ಉದ್ಯೋಗಸ್ಥ ಮಹಿಳೆಯರ ವಸತಿನಿಲಯದ ಯೋಜನೆ ೧೯೭೨-೭೩ರಷ್ಟು ಹಳೆಯದು. ಈಗ ಅದಕ್ಕೆ ಸಖಿ ನಿವಾಸ ಎಂದು ಹೆಸರು. ಒಬ್ಬರೇ ಇರುವ ಕೋಣೆಗೆ ಸಂಬಳದ ನೂರಕ್ಕೆ ೧೫, ಇಬ್ಬರಿರುವುದಕ್ಕೆ ೧೦, ಹಲವರು ಮಲಗುವ ಹಜಾರಕ್ಕೆ ಏಳೂವರೆ, ಇವುಗಳನ್ನು ಬಾಡಿಗೆ ಮೀರಕೂಡದೆಂದು ಆ ಯೋಜನೆ ವಿಧಿಸಿತ್ತು. ಬಾಡಿಗೆಯನ್ನು ಗೋಡೆಯ ಬೆಲೆಯಿಂದ ಅಳೆಯದೆ ಇರುವವಳ ಸಂಬಳದಿಂದ ಅಳೆಯುವ ಈ ನ್ಯಾಯ ನನಗೆ ಬಹಳ ಹಿಡಿಸಿತು. ಹೆಂಗಸರಿಗೆ ಉದ್ಯೋಗವಿರುವ ಕಡೆ ಗ್ರಾಮಾಂತರದಲ್ಲಿಯೂ ಕಟ್ಟಬಹುದೆಂಬ ಮಾತೂ ಅದರಲ್ಲಿದೆ. ಮಾತು ಹೊತ್ತಗೆಯಲ್ಲಿ ಉಳಿದಿದೆ.

ನಮ್ಮ ಸೀಮೆಯಲ್ಲಿಯೇ ಒಂದು ವಿಚಿತ್ರ ನೋಡಿ. ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆ ನೆಲ ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ದನ ಕುರಿ ಮೇಯಿಸುವವರು ಹೋರಾಡಿದರು, ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಆ ಚರ್ಚೆ ಬೇರೆ. ಅಲ್ಲಿ, ಕುದಾಪುರದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯವರು ಉಪಾಧ್ಯಾಯರಿಗೆ ತರಬೇತಿ ನಡೆಸುತ್ತಾರೆ. ಬಂದವರಿಗೆ ಇರಲು ಅಲ್ಲಿಯೇ ವ್ಯವಸ್ಥೆಯುಂಟು. ಹೋಗಿ ಬಂದವರೆಲ್ಲ ಮೆಚ್ಚಿ ಮಾತನಾಡುತ್ತಾರೆ. ಹಾಗಾದರೆ ಪಾಠ ಹೇಳುವುದನ್ನು ಕಲಿಯಲು ಬಂದ ಉಪಾಧ್ಯಾಯಿನಿಗೆ ಕೆಲವು ದಿನ ಇರಲು ಈ ತಾಲ್ಲೂಕಿನಲ್ಲಿ ಒಳ್ಳೆಯ ಕೋಣೆ ಸಿಗುತ್ತದೆ. ಪಾಠ ಹೇಳುತ್ತ ಹತ್ತು ವರ್ಷ ಇರುತ್ತೇನೆಂದರೆ ಸಿಗುವುದಿಲ್ಲ.

ನನಗೆ ತೋರುವ ದಾರಿ ಬಹಳ ಸಣ್ಣದು. ನಮ್ಮಲ್ಲಿ ಅಂಗಡಿಯ ಮಳಿಗೆ ಕಟ್ಟಿ ಬಾಡಿಗೆಗೆ ಕೊಡುವ ಗ್ರಾಮ ಪಂಚಾಯಿತಿಗಳು ಬೇಕಾದಷ್ಟಿವೆ. ಚಹದ ಅಂಗಡಿಗೆ ಮನೆಯೊಡೆಯನಾಗಬಲ್ಲ ಪಂಚಾಯಿತಿ ಉಪಾಧ್ಯಾಯಿನಿಗೆ ಏಕಾಗಬಾರದು? ಶಾಲೆಯ ಬಳಿ ನಾಲ್ಕೋ ಆರೋ ಮನೆ, ಒಡೆತನ ಪಂಚಾಯಿತಿಯದು, ಊರಿನಲ್ಲಿ ಕೆಲಸ ಇರುವವರೆಗೆ ವಾಸ, ವರ್ಗವಾದರೆ ಬೀಗದ ಕೈ ಹಿಂದಕ್ಕೆ. ಸರಕಾರಿ ಮನೆಯಲ್ಲಿರುವ ನೌಕರರಿಗೆ ಬಾಡಿಗೆ ಭತ್ಯ ಹೇಗೂ ಇಲ್ಲ. ಆ ಉಳಿದ ಹಣ ಖಜಾನೆಯಲ್ಲಿ ಕರಗದೆ ಪಂಚಾಯಿತಿಗೆ ಬಂದರೆ ಸುಣ್ಣ ಬಣ್ಣಕ್ಕೆ, ಸೋರುವ ಮಾಳಿಗೆಗೆ ಸಾಕಾಗುತ್ತದೆ. ಭತ್ಯವಿಲ್ಲದ ಗೌರವಧನದವರಿಗೆ ಅವರ ಗಳಿಕೆಗೆ ತಕ್ಕ ಬಾಡಿಗೆ. ಎಲ್ಲಕ್ಕಿಂತ ಮುಖ್ಯವಾಗಿ, ಪಂಚಾಯಿತಿಯ ಮನೆಗೆ "ಯಾವ ಪೈಕಿ" ಎಂದು ಕೇಳುವ ಅಧಿಕಾರವಿಲ್ಲ. ಕೇಳಿದರೆ ಸಂವಿಧಾನ ಉತ್ತರ ಕೊಡುತ್ತದೆ. ಖಾಸಗಿ ಮನೆಯ ಜಗಲಿಯ ಮೇಲೆ ಕುಳಿತಾಗ ಸಂವಿಧಾನ ಕಾಫಿ ಲೋಟದ ಪಕ್ಕದಲ್ಲಿ ಸುಮ್ಮನೆ ಕುಳಿತಿರುತ್ತದೆ.

ಇದನ್ನು ಪಕ್ಕದ ಊರಿನ ಪಂಚಾಯಿತಿ ಸದಸ್ಯರೊಬ್ಬರಿಗೆ ಹೇಳಿದೆ. ಅನುಭವಸ್ಥರು, ಕೆಟ್ಟವರಲ್ಲ. "ಕಟ್ಟಿಸ್‌ಬೋದು ಮೇಷ್ಟ್ರೆ. ಆದ್ರೆ ನಾಳೆ ನಮ್ ಊರಿನ ಮನೆಯಿಲ್ಲದೋರು ಬಂದು, ನಮಗಿಲ್ದಿರೋದು ಪರ ಊರೋರಿಗೆ ಯಾಕೆ ಅಂದ್ರೆ ನಾನೇನ್ ಹೇಳ್ಲಿ?" ಎಂದು ಕೇಳಿದರು. ಈ ಪ್ರಶ್ನೆ ತಳ್ಳಿಹಾಕುವಂಥದಲ್ಲ. ಸೀರೆ ಇಳಿಬಿಟ್ಟು ಎರಡು ಮಾಡಿದ ಆ ಮನೆ ನನ್ನ ಕಣ್ಣ ಮುಂದೆ ಬಂತು. ಆ ಹೆಂಗಸಿಗೆ ಇನ್ನೊಂದು ಮನೆ ಸಿಗುವುದಕ್ಕೆ ಮುಂಚೆ ಉಪಾಧ್ಯಾಯಿನಿಗೆ ಸಿಗಬೇಕೆಂದು ನಾನು ಯಾವ ಬಾಯಲ್ಲಿ ಹೇಳಲಿ? ಹೇಳಲಾರೆ. ಆದರೆ "ನಮ್ ಮಕ್ಕಳಿಗೆ ಪಾಠ ಹೇಳಾಕೆ ಬಂದಿರೋ ತಾಯಿ" ಎಂದವಳೂ ಅವಳೇ ಅಲ್ಲವೆ? ಉಪಾಧ್ಯಾಯಿನಿ ಊರಿನಲ್ಲಿ ಉಳಿದರೆ ಸಂಜೆಯ ಹೊತ್ತು ಮೊದಲು ಪುಸ್ತಕ ತೆರೆಯುವುದು ಆ ಮನೆಯ ಮಕ್ಕಳು. ಸದಸ್ಯರು ತಲೆದೂಗಿದರು, ಮುಂದಿನ ಗ್ರಾಮಸಭೆಯಲ್ಲಿ ಎತ್ತೋಣ ಎಂದರು. ಎತ್ತುತ್ತಾರೆಂದು ಕಾದಿದ್ದೇನೆ.

ಅವಳು ಈಗ ಚಳ್ಳಕೆರೆಯಲ್ಲಿ ಒಬ್ಬ ದಾದಿಯ ಜೊತೆ ಒಂದು ಕೋಣೆ ಹಂಚಿಕೊಂಡಿದ್ದಾಳೆ. ಆ ದಾದಿಗೂ ಕೆಲಸ ಬೇರೊಂದು ಹಳ್ಳಿಯಲ್ಲಿ. ಇಬ್ಬರೂ ಬೆಳಗ್ಗೆ ಒಂದೇ ನಿಲ್ದಾಣದಲ್ಲಿ ಎರಡು ಬಸ್ಸು ಹಿಡಿಯುತ್ತಾರೆ. ಶಾಲೆ ಬಿಟ್ಟೊಡನೆ ಇವಳ ಬಸ್ಸು. ಅದು ತಪ್ಪಿದರೆ ಮುಂದಿನದು ಬರುವ ಹೊತ್ತಿಗೆ ಕತ್ತಲೆ. ಸಂಜೆ ಮಕ್ಕಳನ್ನು ಕೂರಿಸಿಕೊಂಡು ಪದ್ಯ ಹಾಡಿಸಬೇಕೆಂದಿದ್ದಳು, ಅದು ಆಗಿಲ್ಲ. ಬಸ್ಸು ನೋಡಿಕೊಂಡು ಪಾಠ ಮಾಡುವ ಉಪಾಧ್ಯಾಯರೆಂದು ಊರವರು ದೂರುವ ಪಟ್ಟಿಯಲ್ಲಿ ಅವಳ ಹೆಸರೂ ಸೇರಿರಬಹುದು.

ಜಾತ್ರೆಯ ಹಿಂದಿನ ವಾರ ಅವಳ ಫೋನು ಬಂತು. ದನಿಯಲ್ಲಿ ಉತ್ಸಾಹ. "ಸಾರ್, ಜಾತ್ರೆಯ ರಾತ್ರಿ ಊರಲ್ಲೇ ಉಳಿಯಬೇಕು ಅಂತ ಮಕ್ಕಳು ಹಟ ಹಿಡಿದಿದ್ದಾರೆ. ಉಳಿಯೋಣ ಅಂತ ಮಾಡಿದ್ದೇನೆ."

"ಎಲ್ಲಿ ಉಳಿಯುತ್ತೀಯಮ್ಮ?" ಎಂದೆ.

"ಒಬ್ಬ ಹುಡುಗಿಯ ಅಜ್ಜನ ಗಾಡಿ ಬರುತ್ತದಂತೆ ಸಾರ್. ಅದರ ಕೆಳಗೆ" ಎಂದು ನಕ್ಕಳು.